ಬೆವರುತ್ತಿದ್ದ ಗೋಡೆ: ಉಡುಪಿಯ ಒಂದು ಮುರಕಲ್ಲಿನ ಮನೆಯ ಪ್ರಕರಣ

ಜೋರು ಮಳೆಯ ಆಟಿ ತಿಂಗಳ (ತುಳುವರ ಆಷಾಢ) ಒಂದು ಸಂಜೆ ದೊಡ್ಡಮ್ಮನ ಫೋನ್ ಬಂತು. "ಗೋಡೆ ಬೆವರ್ತಾ ಉಂಟು ಮಾರಾಯ. ಒಮ್ಮೆ ಬಂದು ನೋಡು."

ಮರುದಿನವೇ ಹೋದೆ. ಚಾವಡಿಯ ಪಡುಗೋಡೆಗೆ ಕೈ ಇಟ್ಟರೆ ಅಂಗೈ ಒದ್ದೆಯಾಯಿತು. ನೆಲದಿಂದ ಎದೆಮಟ್ಟದವರೆಗೆ ಬಣ್ಣ ಗುಳ್ಳೆ ಎದ್ದಿತ್ತು. ಒಂದು ಗುಳ್ಳೆಯನ್ನು ಉಗುರಿನಿಂದ ಒತ್ತಿದೆ. ಅದು ಒಡೆದು ಕೆಂಪು ನೀರು ಗೆರೆಯಾಗಿ ಇಳಿಯಿತು. ಹಿಂದೆ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಬಣ್ಣ ಕೆರೆದು ನೋಡಿದರೆ ಸಿಮೆಂಟ್ ಸಾರಣೆ ಹಲಗೆಯಂತೆ ಗಟ್ಟಿಯಾಗಿಯೇ ಇತ್ತು. ಒಂದು ಕಡೆ ಸಾರಣೆ ಬಿರುಕು ಬಿಟ್ಟಿತ್ತು, ಅಲ್ಲಿ ಬೆರಳು ತೂರಿಸಿದೆ. ಒಳಗಿನ ಕಲ್ಲು ಹುಡಿಯಾಗಿ ಕೈಗೆ ಬಂತು.

ನಾನು ಸಿವಿಲ್ ಇಂಜಿನಿಯರ್. ಹಳೆ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ಆದರೆ ಈ ಮನೆ ನನಗೆ ಬರೀ ಕಟ್ಟಡ ಅಲ್ಲ. ಚಿಕ್ಕಂದಿನ ರಜೆಯೆಲ್ಲ ಇದೇ ಚಾವಡಿಯಲ್ಲಿ ಕಳೆದಿದೆ. ಇದೇ ತೊಂದರೆ ಇರುವ ಮನೆಗಳು ಉಡುಪಿಯಲ್ಲೂ ಮಂಗಳೂರಿನಲ್ಲೂ ತುಂಬಾ ಇವೆ. ಅದಕ್ಕೇ ನಡೆದದ್ದನ್ನೆಲ್ಲ, ನಾನು ಮಾಡಿದ ತಪ್ಪನ್ನೂ ಸೇರಿಸಿ, ಬರೆದಿಡುತ್ತಿದ್ದೇನೆ.

ಮನೆ ಹೇಗಿತ್ತು

ಉಡುಪಿ ಪೇಟೆಗೆ ತಾಗಿಕೊಂಡೇ ಇರುವ ಊರು. ಸಮುದ್ರ ಕೆಲವೇ ಕಿಲೋಮೀಟರ್ ದೂರ. ಮುಂದೆ ಜಗಲಿ, ಒಳಗೆ ಚಾವಡಿ, ಮೇಲೆ ಉಪ್ಪರಿಗೆ. ಒಂದೂವರೆ ಅಡಿ ದಪ್ಪದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆ. ಹಲಸಿನ ಕಂಬ, ಹಲಸಿನ ತೊಲೆ, ಮರದ ಮುಚ್ಚಿಗೆ. ಮಾಡಿಗೆ, ಅಂದರೆ ಛಾವಣಿಗೆ, ಮಂಗಳೂರು ಹಂಚು.

ಅಣ್ಣ, ಅಂದರೆ ದೊಡ್ಡಮ್ಮನ ಮಗ, ಒಂದು ಹಂಚನ್ನು ತಿರುಗಿಸಿ ತೋರಿಸಿದ. "ನೋಡು, 1865 ಅಂತ ಉಂಟು. ಮನೆಗೆ ನೂರೈವತ್ತು ವರ್ಷ ಮೇಲಾಯ್ತು." ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ. 1865 ಎಂದರೆ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ದಶಕ ಅದೇ ವರ್ಷವನ್ನು ಹಂಚಿನ ಮೇಲೆ ಒತ್ತುತ್ತಿದ್ದರು. ಮನೆ ಕಟ್ಟಿಸಿದ್ದು ದೊಡ್ಡಪ್ಪನ ಅಜ್ಜ. ಲೆಕ್ಕ ಹಾಕಿದರೆ ನೂರು ವರ್ಷದ ಆಸುಪಾಸು. ಹಂಚು ನೋಡಿ ಮನೆಯ ವಯಸ್ಸು ಹೇಳಬಾರದು.

ಮುರಕಲ್ಲಿನ ಗುಣ ಸ್ವಲ್ಪ ಗೊತ್ತಿರಬೇಕು. ನೆಲದೊಳಗೆ ಇರುವಾಗ ಅದು ಮೆದು, ಕೊಡಲಿಯಲ್ಲಿ ಕಡಿಯಬಹುದು. ಹೊರಗೆ ತೆಗೆದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಮೈ ತುಂಬಾ ತೂತು. ನೀರು ಕುಡಿಯುತ್ತದೆ, ಬಿಸಿಲು ಬಂದರೆ ಬಿಡುತ್ತದೆ. ಹಳಬರು ಇದಕ್ಕೆ ಹೊಂದುವ ಹಾಗೆ ಸುಣ್ಣದ ಗಾರೆ ಹಾಕಿದ್ದರು. ಸುಣ್ಣವೂ ಹಾಗೇ, ನೀರು ಹಿಡಿದು ಬಿಡುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅಷ್ಟು ನೀರನ್ನು ಪೂರ್ತಿ ತಡೆಯಲು ಅವರು ಹೋಗಿರಲೇ ಇಲ್ಲ. ಒಳಗೆ ಬಂದದ್ದು ಹೊರಗೆ ಹೋಗಲು ದಾರಿ ಬಿಟ್ಟಿದ್ದರು.

ದಾರಿ ಮುಚ್ಚಿದ್ದು ಯಾವಾಗ

ಸುಮಾರು ಹದಿನೈದು ವರ್ಷದ ಹಿಂದೆ ಅಣ್ಣನ ಮದುವೆಗೆ ಮುಂಚೆ ಮನೆ ರಿಪೇರಿ ಆಗಿತ್ತು. ಒಬ್ಬ ಕಂಟ್ರಾಕ್ಟರ್ ಬಂದು ಹಳೆ ಸುಣ್ಣದ ಸಾರಣೆ ಉದುರಿಸಿ, ಸಿಮೆಂಟ್ ಸಾರಣೆ ಮಾಡಿ, ಮೇಲಿಂದ ವಾಟರ್‌ಪ್ರೂಫ್ ಬಣ್ಣ ಹೊಡೆದರು. ಮಳೆಗಾಲದಲ್ಲಿ ಕೆಸರಾಗುತ್ತದೆ ಅಂತ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕಿದರು. ಚಾವಡಿಯ ಕಾವಿ ನೆಲದ ಮೇಲೆ ಟೈಲ್ಸ್ ಕೂರಿಸಿದರು. ಎಲ್ಲರಿಗೂ ಖುಷಿಯಾಗಿತ್ತು. ನಾನೂ ಹೊಗಳಿದ್ದೆ. ಆಗ ನಾನು ಓದುತ್ತಿದ್ದದ್ದು ಬರೀ ಸಿಮೆಂಟಿನ ಪಾಠ.

ಈಗ ನೋಡಿದರೆ ಮೂರೂ ಸೇರಿ ಒಂದೇ ಕೆಲಸ ಮಾಡಿದ್ದವು. ಅಂಗಳ ಒಂದಡಿ ಎತ್ತರವಾಗಿ ಮನೆಯ ಪಂಚಾಂಗ (ಗೋಡೆ ನಿಲ್ಲುವ ಎತ್ತರದ ಅಡಿಕಟ್ಟು) ಅರ್ಧಕ್ಕರ್ಧ ಮಣ್ಣಲ್ಲಿ ಹೂತು ಹೋಗಿತ್ತು. ಮಾಡಿನ ನೀರು ಹರಿದು ಹೋಗುವ ಬದಲು ಗೋಡೆಯ ಬುಡಕ್ಕೆ ಬರುತ್ತಿತ್ತು. ಒಳಗೆ ಟೈಲ್ಸ್ ಇದ್ದದ್ದರಿಂದ ನೆಲದ ಪಸೆಗೆ ಮೇಲೆ ಬರಲು ಜಾಗ ಇಲ್ಲ, ಅದು ಪಕ್ಕಕ್ಕೆ ಹೋಗಿ ಗೋಡೆ ಹತ್ತುತ್ತಿತ್ತು. ಗೋಡೆಗೆ ಎರಡೂ ಕಡೆ ಸಿಮೆಂಟು, ಬಣ್ಣ. ಹತ್ತಿದ ನೀರು ಹೊರಗೆ ಬರಲಾರದೆ ಇನ್ನೂ ಮೇಲೆ ಹೋಯಿತು. ಉಪ್ಪು ಸಿಮೆಂಟಿನಲ್ಲೂ ಇರುತ್ತದೆ, ಸಮುದ್ರದ ಗಾಳಿಯಲ್ಲೂ ಇದೆ. ಅದು ನೀರಿನಲ್ಲಿ ಕರಗಿ ಕಲ್ಲಿನ ತೂತುಗಳಿಗೆ ಇಳಿದು, ಬೇಸಗೆಯಲ್ಲಿ ಅಲ್ಲೇ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಒಡೆಯುತ್ತಿತ್ತು. ಹದಿನೈದು ಮಳೆಗಾಲ ಹೀಗೇ.

ಗಟ್ಟಿತನದ ಲೆಕ್ಕವನ್ನೂ ಹೇಳುತ್ತೇನೆ. ಮುರಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಭಾರ ತಾಳಬೇಕು ಅನ್ನುತ್ತದೆ ಭಾರತೀಯ ಮಾನಕ. ಒಂದಕ್ಕೆ ನಾಲ್ಕು ಮರಳು ಹಾಕಿದ ಸಿಮೆಂಟ್ ಗಾರೆ 7.5ರ ಹತ್ತಿರ ತಾಳುತ್ತದೆ. ಅಂದರೆ ಗಾರೆ ಕಲ್ಲಿಗಿಂತ ಗಟ್ಟಿ. ಎಲ್ಲಾದರೂ ಒಂದು ಸೋಲಬೇಕಾಗಿ ಬಂದರೆ ಕಲ್ಲೇ ಸೋಲುತ್ತದೆ. ಸುಣ್ಣದ ಗಾರೆಯಾದರೆ ಗಾರೆ ಸೋಲುತ್ತದೆ. ಅದನ್ನು ಉದುರಿಸಿ ಮತ್ತೆ ಹಾಕಬಹುದು. ಕಲ್ಲನ್ನು ಮತ್ತೆ ಹಾಕಲು ಆಗುತ್ತದಾ?

ಪಸೆ ಹೊರಗಿನ ಗಾಳಿಯದ್ದೋ ಗೋಡೆಯದ್ದೋ ಅಂತ ಮೊದಲು ಖಚಿತ ಮಾಡಿಕೊಂಡೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಟ್ಟೆ. ಹನಿಗಳು ಕಟ್ಟಿದ್ದು ಹಾಳೆಯ ಒಳಬದಿಯಲ್ಲಿ. ಮೀಟರ್ ಕೂಡ ಇಟ್ಟು ನೋಡಿದೆ, ಆದರೆ ಉಪ್ಪು ಇರುವ ಗೋಡೆಯಲ್ಲಿ ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಈ ಪ್ಲಾಸ್ಟಿಕ್ ಹಾಳೆಯ ಮೇಲೆಯೇ ನನಗೆ ನಂಬಿಕೆ. ಪಸೆ ಮುಟ್ಟಿದ ಎತ್ತರಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆದೆ. ನೆಲದಿಂದ ನಾಲ್ಕಡಿ ಎರಡಿಂಚು.

ಕೆಡವುವುದೋ ಉಳಿಸುವುದೋ

ಅಣ್ಣ ಕೆಡವುವ ಯೋಚನೆಯಲ್ಲಿದ್ದ. ಅವನು ಮನೆಯ ಮೇಲೆ ಪ್ರೀತಿ ಇಲ್ಲದವನಲ್ಲ. ತಾಯಿ ಒಬ್ಬರೇ ಇರುವ ಮನೆ, ಗೋಡೆ ಕುಸಿದರೆ ಎಂತ ಮಾಡುವುದು ಅನ್ನುವ ಹೆದರಿಕೆ. ಹಳೆ ಮರಕ್ಕೆ ವ್ಯಾಪಾರಿಗಳು ಆಗಲೇ ಬಂದು ಹೋಗಿದ್ದರು. ಕಂಬಗಳನ್ನು ಕೊಟ್ಟು, ಬಂದ ಹಣ ಸೇರಿಸಿ ಆರ್‌ಸಿಸಿ ಮನೆ ಕಟ್ಟುವ ಎಂದ. ದೊಡ್ಡಮ್ಮ ಕೇಳಿದ್ದು ಒಂದೇ ಮಾತು. "ಕಂಬ ಕೊಟ್ರೆ ಮಾಡು ಎಲ್ಲಿ ಕೂರ್ತದೆ ಮಗ?"

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನಿಮ್ಮಲ್ಲಿ ಹಲವರು ನೋಡಿರಬಹುದು. ಬಿದ್ದು ಹೋಗಲಿದ್ದ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅವರು ಮಾಡದಿದ್ದರೆ ಅವು ಸೌದೆಯಾಗುತ್ತಿದ್ದವು. ಆದರೆ ಅದು ಬೇರೆ ದಾರಿಯೇ ಇಲ್ಲದಾಗ ಮಾಡುವ ಕೆಲಸ. ಈ ಮನೆಯಲ್ಲಿ ದಿನಾ ದೀಪ ಹಚ್ಚುತ್ತಾರೆ, ಅಡುಗೆ ಆಗುತ್ತದೆ. ಇದ್ದಲ್ಲೇ ಉಳಿಸಬೇಕು ಎಂದು ನಾನು ಹಟ ಹಿಡಿದೆ.

ಅಣ್ಣನ ಇನ್ನೊಂದು ಪ್ರಶ್ನೆ ನ್ಯಾಯವಾದದ್ದೇ. "ಸುಣ್ಣ ಮಳೆಗೆ ತೊಳೆದು ಹೋಗ್ತದೆ ಅಲ್ವಾ?" ಅವನನ್ನು ಒಂದು ಭಾನುವಾರ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋದೆ. ಇಟಲಿಯ ಆಂಟೊನಿಯೊ ಮೊಸ್ಕೆನಿ 1900ರ ಆಸುಪಾಸಿನಲ್ಲಿ ಬರೆದ ಚಿತ್ರಗಳು ಅಲ್ಲಿವೆ. ಛಾವಣಿಯದ್ದು ಕ್ಯಾನ್‌ವಾಸ್ ಮೇಲಿನ ಎಣ್ಣೆ ಬಣ್ಣ. ಗೋಡೆಯದ್ದು ಹಸಿ ಸುಣ್ಣದ ಸಾರಣೆಯ ಮೇಲೆಯೇ ಬರೆದದ್ದು. ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಂಡಿದೆ. 1991ರಿಂದ 94ರವರೆಗೆ ಪರಂಪರೆಯ ಕಟ್ಟಡ, ಕಲೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ಅವುಗಳನ್ನು ಸರಿಪಡಿಸಿದರು, ನಿಜ. ಆದರೂ ನೂರಿಪ್ಪತ್ತು ವರ್ಷದ ಕರಾವಳಿ ಮಳೆ ದಾಟಿ ನಿಂತಿರುವುದು ಸುಣ್ಣವೇ. ಅಣ್ಣ ಗೋಡೆಯ ಹತ್ತಿರ ನಿಂತು ತುಂಬಾ ಹೊತ್ತು ನೋಡಿದ. ವಾಪಸ್ ಬರುವಾಗ ಮೂಲ್ಕಿ ದಾಟಿದ ಮೇಲೆ "ಎಷ್ಟು ತಿಂಗಳು ಬೇಕಾಗ್ತದೆ?" ಎಂದು ಕೇಳಿದ.

ಮೊದಲು ತೆಗೆಯುವ ಕೆಲಸ

ದೀಪಾವಳಿ ಮುಗಿದ ಮೇಲೆ ಅಂಗಳದಿಂದ ಶುರು ಮಾಡಿದೆವು. ಗೋಡೆ ಮುಟ್ಟಲೇ ಇಲ್ಲ. ಗೋಡೆಯಿಂದ ನಾಲ್ಕಡಿ ಅಗಲಕ್ಕೆ ಇಂಟರ್‌ಲಾಕ್ ಎಬ್ಬಿಸಿ, ತುಂಬಿಸಿದ್ದ ಮಣ್ಣು ತೆಗೆದು, ಹಳೆ ಮಟ್ಟಕ್ಕೆ ಇಳಿಸಿದೆವು. ಅಲ್ಲಿ ಸೂರಿನ ನೀರು ಬೀಳುವ ಜಾಗಕ್ಕೆ ಸರಿಯಾಗಿ ಮುರಕಲ್ಲಿನ ಹಳೆ ಕಣಿ, ಅಂದರೆ ನೀರು ಹರಿಯುವ ಸಣ್ಣ ಕಾಲುವೆ, ಸಿಕ್ಕಿತು. ಅದರ ಇಳಿಜಾರು ಕೂಡ ಸರಿಯಾಗಿಯೇ ಇತ್ತು. ತೋಟದ ಕಡೆಗೆ ನೀರು ಬಿಟ್ಟು ನೋಡಿದರೆ ನಿಲ್ಲದೆ ಹರಿಯಿತು. ನಾನು ಡ್ರಾಯಿಂಗ್ ಮಾಡಿಟ್ಟಿದ್ದ ಹೊಸ ಚರಂಡಿ ಬೇಕಾಗಲಿಲ್ಲ.

ಆಮೇಲೆ ಸಿಮೆಂಟ್ ಕೀಳುವುದು. ಇಡೀ ಕೆಲಸದಲ್ಲಿ ಜೀವ ಹಿಂಡಿದ್ದು ಇದೇ. ಮೆಷಿನ್ ಹಾಕಿದರೆ ಒಂದು ವಾರದ ಕೆಲಸ. ಆದರೆ ಕಂಪನಕ್ಕೆ ಮೆದುವಾದ ಕಲ್ಲು ಉದುರಿ ಬೀಳುತ್ತದೆ. ಮೇಸ್ತ್ರಿ ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಕೂತರು. ಕೀಳುವ ಮೊದಲು ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದರು. ಟೊಳ್ಳು ಸದ್ದು ಬಂದರೆ ಅಲ್ಲಿ ಸಾರಣೆ ಕಲ್ಲು ಬಿಟ್ಟಿದೆ, ಸುಲಭವಾಗಿ ಬರುತ್ತದೆ. ಗಟ್ಟಿ ಸದ್ದು ಬಂದಲ್ಲಿ ಅಂಗೈಯಗಲ ಬಿಡಿಸಲು ಅರ್ಧ ಗಂಟೆ. ಕೆಲವು ಕಡೆ ಸಿಮೆಂಟ್ ಬರುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಬಂತು. ಅಂಥಲ್ಲಿ ಬಿಟ್ಟುಬಿಡಿ ಎಂದೆ. ಅಡುಗೆಮನೆಯ ಹಿಂದೆ ಎರಡು ಕಡೆ ಈಗಲೂ ಸಿಮೆಂಟ್ ಇದೆ.

ಬೋಳು ಗೋಡೆಯನ್ನು ಮೂರು ತಿಂಗಳು ಹಾಗೇ ಬಿಟ್ಟೆವು. ನೆಂಟರಿಷ್ಟರು ಬಂದು "ಕೆಲಸ ನಿಂತಿತಾ?" ಎಂದು ಕೇಳುತ್ತಿದ್ದರು. ಆ ಕೆಂಪು ಗೋಡೆ ನೋಡಿ ದೊಡ್ಡಮ್ಮನಿಗೂ ಬೇಸರ. ಆದರೆ ಒಣಗದ ಗೋಡೆಯ ಮೇಲೆ ಏನು ಹಾಕಿದರೂ ವ್ಯರ್ಥ. ಈ ನಡುವೆ ಉಪ್ಪು ಎಳೆಯುವ ಕೆಲಸ ಮಾಡಿದೆವು. ಹಳೆ ಕಾಗದವನ್ನು ನೆನೆಸಿ ತಿರುಳು ಮಾಡಿ, ಶುದ್ಧ ನೀರಿನಲ್ಲಿ ಕಲಸಿ ಗೋಡೆಗೆ ಮೆತ್ತುವುದು. ಒಣಗುತ್ತಾ ಅದು ಕಲ್ಲಿನ ಉಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆಮೇಲೆ ತೆಗೆದು ಎಸೆಯುವುದು. ಪಡುಗೋಡೆಗೆ ಮೂರು ಸಲ ಮಾಡಿದೆವು. ಮೊದಲ ಸಲದ ತಿರುಳಿನ ಮೇಲೆ ಬಿಳಿ ಹೂ ಕಣ್ಣಿಗೆ ಕಾಣುವಷ್ಟಿತ್ತು. ಮೂರನೆಯದರಲ್ಲಿ ಬಹಳ ಕಡಿಮೆ.

ಸುಣ್ಣ, ಮತ್ತು ನನ್ನ ತಪ್ಪು

ಅವಸರದಲ್ಲಿ ನಾನು ಅಂಗಡಿಯಿಂದ ಚೀಲದ ಸುಣ್ಣದ ಪುಡಿ ತರಿಸಿದೆ. ಮೇಸ್ತ್ರಿ ಮೂಗಿನ ಹತ್ತಿರ ಹಿಡಿದು, "ಇದ್ರಲ್ಲಿ ಜೀವ ಇಲ್ಲ ಇಂಜಿನಿಯರ್ರೆ" ಎಂದರು. ನಾನು ಕೇಳಲಿಲ್ಲ. ಒಳಗಿನ ಸಣ್ಣ ಕೋಣೆಯ ಒಂದು ಗೋಡೆಗೆ ಹಾಕಿಸಿದೆ. ಮೂರು ವಾರದ ಮೇಲೆ ಬೆರಳಿಟ್ಟು ಎಳೆದರೆ ಗೋಧಿ ಹಿಟ್ಟಿನಂತೆ ಉದುರಿತು. ಚೀಲ ತುಂಬಾ ಕಾಲ ಇದ್ದು, ಸುಣ್ಣ ಒಳಗೇ ಗಾಳಿ ಕುಡಿದು ಆಗಲೇ ಕಲ್ಲಾಗಿತ್ತು. ಮತ್ತೆ ಅಂಟುವ ಶಕ್ತಿ ಅದಕ್ಕೆಲ್ಲಿಂದ ಬರಬೇಕು? ಆ ಗೋಡೆ ಪೂರ್ತಿ ಕೆರೆಸಿದೆವು. ಎರಡು ಆಳಿನ ಒಂದು ವಾರದ ದುಡಿಮೆ ಹೋಯಿತು. ನಲ್ವತ್ತು ವರ್ಷ ಗಾರೆ ಮುಟ್ಟಿದ ಕೈಯನ್ನು ನಾನು ನಂಬಬೇಕಿತ್ತು.

ಆಮೇಲೆ ಚಿಪ್ಪಿನ ಸುಣ್ಣ ಹುಡುಕಿದೆವು. ನಮ್ಮ ಕಡೆ ಹಿಂದೆ ಸುಣ್ಣ ಎಂದರೆ ಹೊಳೆಯ ಮರುವಾಯಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಮಾಡಿದ್ದೇ. ಸುಮಾರು 900 ಡಿಗ್ರಿ ಶಾಖಕ್ಕೆ ಚಿಪ್ಪಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇನ್ನೂ ಬಿಸಿ ಆರದಂತಿದ್ದ ಸುಣ್ಣ ಒಂದು ಟೆಂಪೋದಲ್ಲಿ ಬಂತು.

ಹಿತ್ತಲಲ್ಲಿ ಗುಂಡಿ ತೋಡಿ ನೀರು ತುಂಬಿಸಿದ್ದೆವು. ಮೇಸ್ತ್ರಿ ಒಂದು ಬುಟ್ಟಿ ಸುರಿದು ಹಿಂದೆ ಸರಿದರು. ಮೊದಲು ಏನೂ ಆಗಲಿಲ್ಲ. ಒಂದು ನಿಮಿಷ ಕಳೆದು ಚಿಪ್ಪುಗಳು ಸಣ್ಣಗೆ ಸಿಡಿಯತೊಡಗಿದವು. ಆಮೇಲೆ ಇಡೀ ಗುಂಡಿ ಕೊತಕೊತ ಕುದಿಯಿತು. ಬೆಂಕಿ ಇಲ್ಲದೆ ಆವಿ ಎದ್ದಿತು. ಆಕಾರ ಇದ್ದ ಚಿಪ್ಪೆಲ್ಲ ಕಣ್ಣೆದುರೇ ಅರಳಿ ಬಿಳಿ ಗಂಜಿಯಾಯಿತು. "ಜೀವ ಅಂದ್ರೆ ಇದು" ಎಂದರು ಮೇಸ್ತ್ರಿ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಆದ್ದರಿಂದ ಎಲ್ಲರಿಗೂ ಕನ್ನಡಕ, ಕೈಗವಸು ಕಡ್ಡಾಯ ಮಾಡಿದ್ದೆ. ಸೋಸಿದ ಸುಣ್ಣವನ್ನು ಮೇಲೆ ನಾಲ್ಕು ಬೆರಳು ನೀರು ನಿಲ್ಲುವ ಹಾಗೆ ಒಂದೂವರೆ ತಿಂಗಳು ಮುಚ್ಚಿಟ್ಟೆವು. ತೆಗೆದಾಗ ಬೆಣ್ಣೆಯಂತಿತ್ತು.

ಚಿಪ್ಪಿನ ಸುಣ್ಣ ತುಂಬಾ ಶುದ್ಧ. ಅದಕ್ಕೇ ಅದು ಗಾಳಿ ಸಿಕ್ಕರೆ ಮಾತ್ರ ಗಟ್ಟಿಯಾಗುತ್ತದೆ, ಸದಾ ಒದ್ದೆ ಇದ್ದಲ್ಲಿ ಆಗುವುದಿಲ್ಲ. ಗೋಡೆಯ ಬುಡದ ಮೂರಡಿಗೆ ಏನು ಮಾಡುವುದು? ಉತ್ತರ ಮಾಡಿನ ಮೇಲೆಯೇ ಇತ್ತು. ಒಡೆದ ಹಂಚುಗಳನ್ನು ಕುಟ್ಟಿ ಜರಡಿ ಹಿಡಿದು ಸುರ್ಕಿ ಮಾಡಿದೆವು. ಸುಟ್ಟ ಆವೆಮಣ್ಣಿನ ಹುಡಿ ಸುಣ್ಣದೊಂದಿಗೆ ಸೇರಿದರೆ ಪಸೆಯಲ್ಲೂ ಕಚ್ಚಿಕೊಳ್ಳುತ್ತದೆ. ಅಂತೂ ಒಡೆದ ಹಂಚು ಗೋಡೆಯೊಳಗೆ ಹೋಯಿತು.

ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿದೆವು. ಗುಳಮಾವಿನ ತೊಗಟೆಯ ಲೋಳೆಯೂ ಬೇಕು ಎಂದು ಮೇಸ್ತ್ರಿಗೆ ಆಸೆ ಇತ್ತು. ನಾನು ಬೇಡ ಎಂದೆ. ಅಗರಬತ್ತಿಗೆಂದು ತೊಗಟೆ ಸುಲಿದು ಸುಲಿದು ಘಟ್ಟದಲ್ಲಿ ಆ ಮರಗಳು ಕಡಿಮೆಯಾಗಿವೆ. ಒಂದು ಗೋಡೆ ಉಳಿಸಲು ಒಂದು ಮರ ಕೊಲ್ಲುವುದು ನನಗೆ ಒಪ್ಪಿಗೆಯಾಗಲಿಲ್ಲ. ಅವರೂ ಆಮೇಲೆ ಸುಮ್ಮನಾದರು.

ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಹೊಳೆ ಮರಳು. ಅಳಿವೆಯ ಮರಳು ಬೇಡ, ಅದರಲ್ಲಿ ಉಪ್ಪಿರುತ್ತದೆ. ತೆಳುವಾಗಿ ಒಂದು ಕೋಟ್, ಹತ್ತು ದಿನ ಬಿಟ್ಟು ಇನ್ನೊಂದು. ಏಪ್ರಿಲ್ ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಒದ್ದೆ ಗೋಣಿ ಕಟ್ಟಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸುವ ಕೆಲಸ ದೊಡ್ಡಮ್ಮ ತಾವೇ ವಹಿಸಿಕೊಂಡರು.

ಮರ, ಮತ್ತು ಒಂದು ಕಂಬದ ಚರ್ಚೆ

ಉಪ್ಪರಿಗೆಯ ತೊಲೆಗಳಲ್ಲಿ ಮೂರರ ತುದಿ ಗೋಡೆಯೊಳಗೆ ಕೊಳೆತಿತ್ತು. ಗೆದ್ದಲೂ ಹಿಡಿದಿತ್ತು. ಮರಗೆಲಸದ ಆಚಾರ್ಯರು ಕೊಳೆತ ತುದಿಯನ್ನು ಮಾತ್ರ ಓರೆಯಾಗಿ ಕತ್ತರಿಸಿ, ಹಲಸಿನದೇ ತುಂಡನ್ನು ಕಚ್ಚು ಹಾಕಿ ಕೂಡಿಸಿ, ಮರದ ಗೂಟ ಹೊಡೆದರು. ತುದಿಗಳಿಗೆ ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರು ಕುಡಿಸಿದೆವು. ಗೋಡೆಯೊಳಗೆ ತೊಲೆಯ ಸುತ್ತ ಒಂದು ಬೆರಳು ಗಾಳಿಗೆ ಜಾಗ ಬಿಟ್ಟೆವು.

ಜಗಲಿಯ ಆರು ಕಂಬಗಳಲ್ಲಿ ಒಂದನ್ನು ಹಿಂದಿನ ರಿಪೇರಿಯಲ್ಲಿ ತೆಗೆದು ಸಿಮೆಂಟ್ ಕಂಬ ನಿಲ್ಲಿಸಿದ್ದರು. ಈಗ ಅದರ ಬದಲು ಮರದ್ದು ಬೇಕು. ನಾನು ಓದಿದ ಪಾಠದ ಪ್ರಕಾರ ಬೋಳು ಕಂಬ ಸಾಕು. ಹಳೆ ಸ್ಮಾರಕಗಳ ದುರಸ್ತಿಗೆ ನಿಯಮ ಹೇಳುವ 1964ರ ವೆನಿಸ್ ಸನ್ನದಿನ ಪ್ರಕಾರ ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹಳೆಯದೇ ಅನ್ನುವ ಭ್ರಮೆ ಹುಟ್ಟಿಸಬಾರದು. ದೊಡ್ಡಮ್ಮ ಒಪ್ಪಲಿಲ್ಲ. "ಕೆತ್ತುದು ಗೊತ್ತಿರುವವರು ಎದುರು ಕೂತಿದ್ದಾರೆ. ಐದು ಕಂಬಕ್ಕೆ ಹೂ ಉಂಟು, ಆರನೆಯದು ಯಾಕೆ ಬೋಳು?"

ನಾನು ಯೋಚಿಸಿದೆ. 2004ರಲ್ಲಿ ಇಂಟ್ಯಾಕ್ ನಮ್ಮ ದೇಶಕ್ಕೆಂದೇ ಮಾಡಿದ ಸನ್ನದಿನಲ್ಲಿ ಜೀರ್ಣೋದ್ಧಾರ ಅನ್ನುವ ಮಾತಿದೆ. ಕಟ್ಟಡದ ಜೊತೆ ಕಟ್ಟುವವರ ವಿದ್ಯೆಯೂ ಉಳಿಯಬೇಕು ಎನ್ನುತ್ತದೆ ಅದು. ನಮ್ಮೂರಲ್ಲಿ ಜೀರ್ಣೋದ್ಧಾರ ಎಂದರೆ ಎಷ್ಟೋ ಕಡೆ ಮರದ, ಮುರಕಲ್ಲಿನ ಗುಡಿ ಕೆಡವಿ ಗ್ರಾನೈಟ್ ಹಾಕುವುದು ಎಂದಾಗಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ದೊಡ್ಡಮ್ಮ ಕೇಳುತ್ತಿದ್ದದ್ದು ಅದಲ್ಲ. ಅದೇ ಮರ, ಅದೇ ಉಳಿ, ಅದೇ ಕೆಲಸದವರು. ಆಚಾರ್ಯರು ಪಕ್ಕದ ಕಂಬದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಹೂವಿನ ಗೆರೆ ತೆಗೆದುಕೊಂಡರು. ಹದಿನೆಂಟು ದಿನ ಕೆತ್ತಿದರು. ನನ್ನ ಒಂದೇ ಕೋರಿಕೆ ನಡೆಯಿತು: ಕಂಬದ ಬುಡದಲ್ಲಿ, ಗೋಡೆಯ ಕಡೆಗೆ, ಕೆತ್ತಿದ ವರ್ಷ.

ಮಳೆ ಬಂದ ಮೇಲೆ

ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುಂಚೆ ಮೇ ಕೊನೆಗೆ ಬರುವ ಆ ದಿನದೊಳಗೆ, ಎಲ್ಲ ಮುಗಿಯಬೇಕಿತ್ತು, ಆಗಲಿಲ್ಲ. ಮಾಡಿನ ಹಂಚು ಹೊದೆಸಿ ಆಗಿತ್ತು. ಹೊರಗಿನ ಪಡುಗೋಡೆಗೆ ಒಂದೇ ಕೋಟ್ ಆಗಿತ್ತು. ಹಸಿ ಸುಣ್ಣಕ್ಕೆ ಗಾಳಿಮಳೆ ಬಡಿದರೆ ಉಳಿಯುವುದಿಲ್ಲ. ಮೇಸ್ತ್ರಿ ತೆಂಗಿನ ಮಡಲು ಹೆಣೆಸಿ, ಸೂರಿನಿಂದ ನೆಲದವರೆಗೆ ತಟ್ಟಿ ಕಟ್ಟಿಸಿದರು. ಹಿಂದೆ ಪ್ರತಿ ಮನೆಯಲ್ಲೂ ಮಳೆಗಾಲಕ್ಕೆ ಹೀಗೇ ಕಟ್ಟುತ್ತಿದ್ದರು. ತಟ್ಟಿ ಮಳೆ ತಡೆಯಿತು, ಗಾಳಿ ಬಿಟ್ಟಿತು. ಎರಡನೆಯ ಕೋಟ್, ಮೇಲಿಂದ ಐದು ಸಲ ತೆಳು ಸುಣ್ಣದ ಬಳಿತ, ಎಲ್ಲವೂ ಮಳೆ ನಿಂತ ಮೇಲೆ ಆಯಿತು. ಚಾವಡಿಯ ಟೈಲ್ಸ್ ಕೂಡ ಆಗಲೇ ಎಬ್ಬಿಸಿದ್ದು. ಕೆಳಗಿನ ಕಾವಿ ನೆಲ ಮುಕ್ಕಾಲು ಪಾಲು ಸಿಕ್ಕಿತು, ಉಳಿದಲ್ಲಿ ಹೊಸದಾಗಿ ಹಾಕಿ ತೆಂಗಿನೆಣ್ಣೆ ಹಚ್ಚಿ ಉಜ್ಜಿದೆವು. ಬಣ್ಣ ಸ್ವಲ್ಪ ಬೇರೆಯೇ ಕಾಣುತ್ತದೆ.

ಖರ್ಚಿನಲ್ಲಿ ಸಾಮಾನಿಗಿಂತ ಸಂಬಳಕ್ಕೆ ಹೋದದ್ದೇ ಜಾಸ್ತಿ. ಆ ಹಣ ಹೋದದ್ದು ಊರಿನ ಮೇಸ್ತ್ರಿಗೆ, ಆಚಾರ್ಯರಿಗೆ, ಅವರ ಜೊತೆ ಕಲಿಯುತ್ತಿದ್ದ ಇಬ್ಬರು ಹುಡುಗರಿಗೆ.

ಈ ಆಟಿಯಲ್ಲಿ ಮತ್ತೆ ಪೆನ್ಸಿಲ್ ಹಿಡಿದು ಹೋದೆ. ಪಡುಗೋಡೆಯಲ್ಲಿ ಪಸೆ ನೆಲದಿಂದ ಏಳಿಂಚು. ಎರಡು ಬಿಸಿಲು ಬಿದ್ದರೆ ಅದೂ ಇಳಿಯುತ್ತದೆ ಎಂದರು ದೊಡ್ಡಮ್ಮ. ಆದರೆ ಬಚ್ಚಲಿನ ಪಕ್ಕದ ಮೂಲೆಯಲ್ಲಿ ಗೆರೆ ಎರಡಡಿಗೆ ನಿಂತಿದೆ, ಸುಣ್ಣವೂ ಅಲ್ಲಿ ಸ್ವಲ್ಪ ಉದುರಿದೆ. ಬಹುಶಃ ನೆಲದಡಿಯ ಪೈಪ್ ಎಲ್ಲೋ ಸೋರುತ್ತಿದೆ. ದೀಪಾವಳಿ ಕಳೆದು ಅಲ್ಲಿ ಅಗೆಯಬೇಕು. ಹಿತ್ತಲ ಗುಂಡಿಯಲ್ಲಿ ಇನ್ನೂ ಅರ್ಧ ಸುಣ್ಣ ಉಳಿದಿದೆ. ಮೇಲೆ ನಾಲ್ಕು ಬೆರಳು ನೀರು ಕಡಿಮೆಯಾಗದ ಹಾಗೆ ದೊಡ್ಡಮ್ಮ ನೋಡಿಕೊಳ್ಳುತ್ತಿದ್ದಾರೆ.